'ಅಲ್ಲ' ಎಂಬುದರ ಬೆಲೆ

ಮಳೆಗಾಲದ ಸಂಜೆ ಹೊರಗೆ ಹೋಗಲಾಗದೆ ಮನೆಯೊಳಗೆ ಕುಳಿತ ಮಕ್ಕಳಿಗೆ ಅಜ್ಜಿಯರು ಒಗಟು ಹೇಳುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಮೈಯೆಲ್ಲ ಮುಳ್ಳಾದ ಹಲಸಿನ ಹಣ್ಣನ್ನೋ ಒಡಲಲ್ಲಿ ನೀರು ತುಂಬಿಕೊಂಡ ತೆಂಗಿನಕಾಯಿಯನ್ನೋ ಹೆಸರಿಸದೆ, ಅದರ ಗುಣಗಳನ್ನಷ್ಟೇ ಮರೆಮಾತಿನಲ್ಲಿ ಬಣ್ಣಿಸಿ, ಏನದು ಹೇಳು ಎಂದು ಕೇಳುವುದು ಆ ಆಟದ ರೀತಿ. ಮಹಾಭಾರತದಲ್ಲಿ ಸರೋವರದ ದಡದ ಮೇಲೆ ಯಕ್ಷನು ಧರ್ಮರಾಯನಿಗೆ ಒಂದರ ಮೇಲೊಂದು ಪ್ರಶ್ನೆಗಳನ್ನು ಒಡ್ಡಿದ್ದೂ ಹೀಗೆಯೇ. ಶಾಲೆಯ ಪರೀಕ್ಷೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ. ಈ ಮೂರರಲ್ಲಿಯೂ ಒಂದು ಸಾಮ್ಯವಿದೆ. ತಿಳಿದವನು ಪ್ರಶ್ನಿಸುತ್ತಾನೆ, ಎದುರಿಗಿರುವವನು ಉತ್ತರಿಸುತ್ತಾನೆ. ಉತ್ತರ ಸರಿಯಾದರೆ ಮೆಚ್ಚುಗೆ, ತಪ್ಪಾದರೆ ಸೋಲು.

ಈ ಕ್ರಮವನ್ನು ಬುಡಮೇಲು ಮಾಡಿದ ಆಟವೊಂದುಂಟು. ಅದರಲ್ಲಿ ಪ್ರಶ್ನಿಸುವ ಹಕ್ಕು ತಿಳಿಯದವರದು. ಉತ್ತರಿಸುವ ಹೊಣೆ ತಿಳಿದವನದು. ಎಂಟು ಹತ್ತು ಮಂದಿ ಒಟ್ಟಿಗೆ ಕುಳಿತು ಆಡುವ ಆಟವಿದು. ಅವರಲ್ಲಿ ಒಬ್ಬನು ವಿಚಿತ್ರವಾಗಿ ತೋರುವ ಒಂದು ಘಟನೆಯನ್ನು ಕೆಲವೇ ವಾಕ್ಯಗಳಲ್ಲಿ ಹೇಳುತ್ತಾನೆ. ನಡೆದುದನ್ನು ಮಾತ್ರ ತಿಳಿಸಿ, ಅದು ಹಾಗೇಕೆ ನಡೆಯಿತೆಂಬುದನ್ನು ಮುಚ್ಚಿಡುತ್ತಾನೆ. ಉಳಿದವರು ಸರದಿಯಂತೆ ಪ್ರಶ್ನೆಗಳನ್ನು ಕೇಳಿ ಆ ಕಾರಣವನ್ನು ಹೊರಗೆಡಹಬೇಕು. 'ಏಕೆ', 'ಹೇಗೆ', 'ಯಾರು' ಎಂದು ಕೇಳುವಂತಿಲ್ಲ. ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಕೇಳಬೇಕು. ಕೇಳಿದ ಸಂಗತಿಗೂ ಕಾರಣಕ್ಕೂ ಸಂಬಂಧವಿಲ್ಲದಿದ್ದರೆ 'ಅದು ಮುಖ್ಯವಲ್ಲ' ಎನ್ನುವಷ್ಟು ಸ್ವಾತಂತ್ರ್ಯ ಮಾತ್ರ ಕಥೆ ಹೇಳಿದವನಿಗೆ ಉಂಟು. ಇಷ್ಟೇ ಇದರ ನಿಯಮ. ಹಲಗೆ ಬೇಡ, ಕವಡೆ ಬೇಡ, ಕಾಸೂ ಬೇಡ.

ಇಂಥ ಸಮಸ್ಯೆಗಳನ್ನು ಬಿಡಿಸಲು ಬೇಕಾದ ಬುದ್ಧಿಯ ನಡೆಗೆ 'ಲ್ಯಾಟರಲ್ ಥಿಂಕಿಂಗ್' ಎಂಬ ಹೆಸರನ್ನು 1967ರಲ್ಲಿ ಬಳಕೆಗೆ ತಂದವರು ಮಾಲ್ಟಾ ದ್ವೀಪದಲ್ಲಿ ಹುಟ್ಟಿದ ವೈದ್ಯರೂ ಚಿಂತಕರೂ ಆದ ಎಡ್ವರ್ಡ್ ಡಿ ಬೋನೊ. ಕನ್ನಡದಲ್ಲಿ ಇದನ್ನು ಪಾರ್ಶ್ವ ಚಿಂತನೆ ಎನ್ನಬಹುದು. ತೋಡಿದ ಗುಂಡಿಯಲ್ಲಿ ನೀರು ಬಾರದಿದ್ದಾಗ ಅದೇ ಗುಂಡಿಯನ್ನು ಇನ್ನಷ್ಟು ಆಳ ಮಾಡುವುದು ಒಂದು ಬಗೆ. ಪಕ್ಕಕ್ಕೆ ಸರಿದು ಬೇರೊಂದು ಜಾಗವನ್ನು ಪರೀಕ್ಷಿಸುವುದು ಇನ್ನೊಂದು ಬಗೆ. ಪಾರ್ಶ್ವ ಚಿಂತನೆಯೆಂದರೆ ಹೀಗೆ ಪಕ್ಕಕ್ಕೆ ಸರಿಯುವ ಚಿಂತನೆ. ಸರಿಯಬೇಕೆಂದು ಹೇಳುವುದು ಸುಲಭ; ನಿಂತ ಜಾಗವೇ ತಪ್ಪೆಂದು ತಿಳಿಯುವುದು ಕಷ್ಟ. ಅದನ್ನು ತಿಳಿಸಿಕೊಡುವುದು 'ಅಲ್ಲ' ಎಂಬ ಉತ್ತರ. ಈ ಆಟಕ್ಕೆ ಶಾಲೆಗಳಲ್ಲಿ ಒಂದು ಸ್ಥಾನ ಇರಬೇಕೆನ್ನಲು ಮುಖ್ಯವಾದ ಕಾರಣವೂ ಅದೇ. 'ಅಲ್ಲ' ಎಂಬ ಮಾತಿಗೆ ಹೆದರದೆ ಅದರಿಂದ ಲಾಭ ಪಡೆಯುವುದನ್ನು ಇದು ಕಲಿಸುತ್ತದೆ.

ಆಟದ ಸ್ವರೂಪ ಸ್ಪಷ್ಟವಾಗಬೇಕಾದರೆ ಒಂದು ಉದಾಹರಣೆಯನ್ನು ನೋಡಬೇಕು. ಒಂದು ತರಗತಿಯಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಸುತ್ತಲೂ ಕುಳಿತಿರುವರೆಂದು ಭಾವಿಸಬಹುದು. ಅಧ್ಯಾಪಕರು ಅವರ ಮುಂದೆ ಈ ಸಮಸ್ಯೆಯನ್ನು ಇಡುತ್ತಾರೆ: ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಅಂಚೆಯವನು ಬಡ ಹುಡುಗಿಯೊಬ್ಬಳ ಕೈಗೆ ಒಂದು ಪತ್ರವನ್ನು ನೀಡಿದನು. ಅದು ದೂರದ ಊರಿನಲ್ಲಿದ್ದ ಅವಳ ಅಣ್ಣನಿಂದ ಬಂದ ಪತ್ರ. ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಡೆಯದೆಯೇ ಹಿಂದಕ್ಕೆ ಕೊಟ್ಟುಬಿಟ್ಟಳು. ಆದರೂ ಆಕೆ ಸಂತೋಷದಿಂದ ಮನೆಯೊಳಕ್ಕೆ ಹೋದಳು. ಇದಕ್ಕೆ ಕಾರಣವೇನು?

ಪ್ರಶ್ನೆಗಳು ಆರಂಭವಾಗುತ್ತವೆ. ಅಣ್ಣ ತಂಗಿಯರಿಗೆ ಜಗಳವಿತ್ತೆ? ಇಲ್ಲ. ಓದು ಬಾರದೆಂಬ ಕಾರಣಕ್ಕೆ ಹಿಂದಿರುಗಿಸಿದಳೆ? ಅಲ್ಲ. ಪತ್ರ ತಪ್ಪಿ ಬಂದುದೆ? ಅಲ್ಲ. ಅದರಲ್ಲಿ ಕೆಟ್ಟ ಸುದ್ದಿ ಇರಬಹುದೆಂದು ಹೆದರಿದಳೆ? ಇಲ್ಲ. ಅಂಚೆಯವನು ಆಕೆಗೆ ಪರಿಚಿತನೆ? ಅದು ಮುಖ್ಯವಲ್ಲ. ಇಷ್ಟಾಗುವ ಹೊತ್ತಿಗೆ ಮೊದಲಿನ ಉತ್ಸಾಹ ಕುಗ್ಗುತ್ತದೆ. ಎಲ್ಲ ದಾರಿಗಳೂ ಮುಚ್ಚಿದಂತೆ ತೋರುತ್ತದೆ. ಆಗ, ಅಷ್ಟು ಹೊತ್ತು ಸುಮ್ಮನಿದ್ದ ಬಾಲಕಿಯೊಬ್ಬಳು ಕೇಳುತ್ತಾಳೆ: ಪತ್ರವನ್ನು ಒಡೆಯದೆಯೇ ಅವಳಿಗೆ ಸುದ್ದಿ ತಿಳಿಯಿತೆ? ಹೌದು! ಅಂಚೆಯವನು ಬಾಯಿಮಾತಿನಲ್ಲಿ ತಿಳಿಸಿದನೆ? ಇಲ್ಲ. ಮಡಿಸಿದ ಕಾಗದದ ಹೊರಮೈಯ ಮೇಲೆ ಏನಾದರೂ ಗುರುತಿತ್ತೆ? ಹೌದು. ಪತ್ರವನ್ನು ಇಟ್ಟುಕೊಂಡಿದ್ದರೆ ಅವಳಿಗೆ ನಷ್ಟವಾಗುತ್ತಿತ್ತೆ? ಹೌದು. ಹಾಗಾದರೆ ಅಂಚೆಯ ವೆಚ್ಚವನ್ನು ಪತ್ರ ಪಡೆದವರೇ ತೆರಬೇಕಾಗಿತ್ತೆ? ಹೌದು. ಗಂಟು ಬಿಚ್ಚಿತು.

ಬ್ರಿಟನ್ನಿನಲ್ಲಿ 1840ಕ್ಕೆ ಮುಂಚೆ ಅಂಚೆಯ ವೆಚ್ಚವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕಾಗಿತ್ತು. ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. ಬಡವರಿಗೆ ಅದು ಹೊರಲಾರದ ಭಾರ. ಆದುದರಿಂದ ಅಣ್ಣನು ಕಾಗದದ ಹೊರಮೈಯ ಮೇಲೆ ಮೊದಲೇ ಗೊತ್ತುಮಾಡಿಕೊಂಡ ಗುರುತನ್ನು ಹಾಕಿ ಕಳುಹಿಸುತ್ತಿದ್ದನು. ಗುರುತನ್ನು ಕಂಡೊಡನೆ ಆತನು ಕ್ಷೇಮವೆಂದು ತಂಗಿಗೆ ತಿಳಿಯುತ್ತಿತ್ತು. ಪತ್ರವನ್ನು ಬಿಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಇಂಥದೊಂದು ಘಟನೆಯನ್ನು ಕೋಲ್ರಿಜ್ ಕವಿ ಕಂಡನೆಂಬ ಕಥೆ ಪ್ರಚಲಿತವಾಗಿದೆ. ಪತ್ರ ಕಳುಹಿಸುವವರೇ ಮುಂಗಡವಾಗಿ ಅಲ್ಪ ದರವನ್ನು ತೆರುವ ಏರ್ಪಾಟು ಆಗಬೇಕೆಂದು ರೋಲೆಂಡ್ ಹಿಲ್ 1837ರಲ್ಲಿ ಪ್ರತಿಪಾದಿಸಿದನು. ಅದರ ಫಲವಾಗಿ 1840ರಲ್ಲಿ ಒಂದು ಪೆನ್ನಿಯ ಅಂಚೆಚೀಟಿ ಬಳಕೆಗೆ ಬಂದಿತು.

ಆ ಬಾಲಕಿಗೆ ಅಂಚೆಯ ಇತಿಹಾಸ ತಿಳಿದಿರಬೇಕಾಗಿಲ್ಲ. ದೂರವಾಣಿಯ ಕರೆ ದುಬಾರಿಯಾಗಿದ್ದ ದಿನಗಳಲ್ಲಿ ಊರು ತಲುಪಿದವರು ಮನೆಗೆ 'ಮಿಸ್ಡ್ ಕಾಲ್' ಕೊಟ್ಟು, ಒಂದು ಕಾಸೂ ವೆಚ್ಚವಿಲ್ಲದೆ ತಮ್ಮ ಕ್ಷೇಮವನ್ನು ತಿಳಿಸುತ್ತಿದ್ದುದನ್ನು ಆಕೆ ಹಿರಿಯರಿಂದ ಕೇಳಿದ್ದರೆ ಸಾಕು. ಗುಂಪಿನಲ್ಲಿ ಯೋಚಿಸುವುದರ ಪ್ರಯೋಜನ ಇಲ್ಲಿ ಕಾಣುತ್ತದೆ. ಹತ್ತು ಮಂದಿಯಲ್ಲಿ ಒಬ್ಬರು ರೈತರ ಮನೆಯಿಂದ ಬಂದವರು, ಒಬ್ಬರು ಅಂಗಡಿಯವರ ಮನೆಯವರು, ಮತ್ತೊಬ್ಬರು ಊರೂರು ತಿರುಗುವ ಚಾಲಕರ ಮಕ್ಕಳು. ಒಬ್ಬರ ಅನುಭವದಲ್ಲಿ ಇಲ್ಲದುದು ಇನ್ನೊಬ್ಬರ ಅನುಭವದಲ್ಲಿ ಇರುತ್ತದೆ. ಒಬ್ಬರು ಪ್ರಶ್ನಿಸದೆ ಒಪ್ಪಿಕೊಂಡುದನ್ನು ಇನ್ನೊಬ್ಬರು ಪ್ರಶ್ನಿಸುತ್ತಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಬುದ್ಧಿಯ ಕೆಲಸಕ್ಕೂ ಸಲ್ಲುತ್ತದೆ.

ಈ ಸಮಸ್ಯೆಯನ್ನು ಕಠಿನವಾಗಿಸಿದುದು ಯಾವುದು? ಕಥೆಯಲ್ಲಿ ಸುಳ್ಳೇನೂ ಇರಲಿಲ್ಲ. ಪತ್ರದ ಸುದ್ದಿ ಪತ್ರದ ಒಳಗೇ ಇರುತ್ತದೆ, ಅಂಚೆಯ ವೆಚ್ಚವನ್ನು ಕಳುಹಿಸುವವರೇ ಕೊಡುತ್ತಾರೆ ಎಂಬ ಎರಡು ನಂಬಿಕೆಗಳನ್ನು ಕೇಳುಗರೇ ತಮಗರಿವಿಲ್ಲದಂತೆ ಕಥೆಗೆ ಸೇರಿಸಿಕೊಂಡಿದ್ದರು. ಹೇಳಿದವನು ಕಟ್ಟದ ಗೋಡೆಯನ್ನು ಕೇಳಿದವರು ಕಟ್ಟಿಕೊಂಡು, ಅದನ್ನು ದಾಟಲಾರದೆ ನಿಂತಿದ್ದರು. ಮೊದಲು ದೊರೆತ ನಾಲ್ಕು ನಿಷೇಧದ ಉತ್ತರಗಳು ವ್ಯರ್ಥವೆಂದು ತೋರಿದರೂ ಅವು ವ್ಯರ್ಥವಾಗಲಿಲ್ಲ. ಜಗಳ, ನಿರಕ್ಷರತೆ, ತಪ್ಪು ವಿಳಾಸ, ಭಯ ಎಂಬ ಎಲ್ಲರಿಗೂ ಹೊಳೆಯುವ ಕಾರಣಗಳು ಅವುಗಳಿಂದ ತೊಲಗಿದವು. ಅವು ತೊಲಗಿದ ಮೇಲೆಯೇ ಯಾರಿಗೂ ಹೊಳೆಯದ ಕಾರಣಕ್ಕೆ ಎಡೆಯಾಯಿತು.

ಕನ್ನಡ ಭಾಷೆ ಈ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಉಳಿಸಿಕೊಂಡಿದೆ. ಇಂಗ್ಲಿಷಿನವರು 'ನೋ' ಎಂಬ ಒಂದೇ ಮಾತಿನಿಂದ ಉತ್ತರಿಸುವೆಡೆಗಳಲ್ಲಿ ಕನ್ನಡಿಗರು 'ಇಲ್ಲ', 'ಅಲ್ಲ' ಎಂಬ ಎರಡು ಮಾತುಗಳನ್ನು ಬಳಸುತ್ತಾರೆ. 'ಇಲ್ಲ' ಎಂಬುದು ಇರವನ್ನೇ ನಿರಾಕರಿಸುತ್ತದೆ. 'ಅಲ್ಲ' ಎಂಬುದು ಹಾಗಲ್ಲ. 'ಇದು ಅದಲ್ಲ' ಎಂದು ಹೇಳುವಾಗಲೇ ಬೇರೆ ಏನೋ ಉಂಟೆಂಬ ಸೂಚನೆಯನ್ನೂ ಅದು ನೀಡುತ್ತದೆ. ಆದುದರಿಂದ 'ಅಲ್ಲ' ಎಂಬ ಉತ್ತರವನ್ನು ಮುಚ್ಚಿದ ಬಾಗಿಲೆಂದು ತಿಳಿಯುವುದಕ್ಕಿಂತ, ಮುಂದಿನ ಬಾಗಿಲಿಗೆ ಕೈತೋರಿಸುವ ಮಾತೆಂದು ತಿಳಿಯುವುದು ಯುಕ್ತ.

ಗಣಿತದ ದೃಷ್ಟಿಯಿಂದ ನೋಡಿದರೂ ಇದು ಸತ್ಯವೆಂದು ತಿಳಿಯುತ್ತದೆ. ಒಬ್ಬನು 1ರಿಂದ 1000ದವರೆಗಿನ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವನೆನ್ನೋಣ. ಅದು 37 ಆಗಿದೆಯೆ, 582 ಆಗಿದೆಯೆ ಎಂದು ಒಂದೊಂದನ್ನೇ ಕೇಳುತ್ತ ಹೋದರೆ ಪ್ರತಿ 'ಅಲ್ಲ'ದಿಂದಲೂ ತೊಲಗುವುದು ಒಂದೇ ಸಂಖ್ಯೆ. ಅದು 500ಕ್ಕಿಂತ ಹೆಚ್ಚಿನದೆ ಎಂದು ಕೇಳಿದರೆ ಉತ್ತರ ಯಾವುದೇ ಆಗಲಿ, ಒಮ್ಮೆಗೇ 500 ಸಂಖ್ಯೆಗಳು ತೊಲಗುತ್ತವೆ. ಹೀಗೆ ಉಳಿದುದನ್ನು ಸರಿಯಾಗಿ ಇಬ್ಭಾಗ ಮಾಡುತ್ತ ಹೋದರೆ ಹತ್ತು ಪ್ರಶ್ನೆಗಳಲ್ಲಿ ಸಂಖ್ಯೆ ಸಿಕ್ಕಿಬಿಡುತ್ತದೆ. ಏಕೆಂದರೆ ಎರಡನ್ನು ಹತ್ತು ಬಾರಿ ಗುಣಿಸಿದರೆ 1024 ಆಗುತ್ತದೆ. ಇಪ್ಪತ್ತು ಪ್ರಶ್ನೆಗಳಿದ್ದರೆ ಹತ್ತು ಲಕ್ಷಕ್ಕೂ ಮೀರಿದ ಸಂಖ್ಯೆಗಳಲ್ಲಿ ಒಂದನ್ನು ಹುಡುಕಬಹುದು. ಇಲ್ಲಿ 'ಹೌದು' ಎಂಬುದಕ್ಕೂ 'ಅಲ್ಲ' ಎಂಬುದಕ್ಕೂ ಒಂದೇ ಬೆಲೆ. 'ಅಲ್ಲ' ಎಂಬ ಉತ್ತರ ಬೆಲೆಯಿಲ್ಲದ್ದಾಗಿ ಕಂಡರೆ ದೋಷ ಉತ್ತರದ್ದಲ್ಲ, ಅದನ್ನು ತಂದ ಪ್ರಶ್ನೆಯದು. ಕಥೆಯ ಸಮಸ್ಯೆಗಳಲ್ಲಿ ಸಂಖ್ಯೆಗಳಂತೆ ಎಲ್ಲ ಸಾಧ್ಯತೆಗಳನ್ನೂ ಸಾಲಾಗಿ ಬರೆದುಕೊಳ್ಳಲು ಬರುವುದಿಲ್ಲ, ನಿಜ. ಆದರೂ ಮೊದಲು ವಿಶಾಲವಾದ ಪ್ರಶ್ನೆ, ಅನಂತರ ಕಿರಿದಾದ ಪ್ರಶ್ನೆ ಎಂಬ ನೀತಿ ಅಲ್ಲಿಯೂ ಸಲ್ಲುತ್ತದೆ.

ಇಷ್ಟು ಲಾಭವಿದ್ದರೂ ಮನುಷ್ಯನ ಮನಸ್ಸು 'ಹೌದು' ಎಂಬ ಮಾತನ್ನೇ ಬಯಸುತ್ತದೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಅವರು 2, 4, 6 ಎಂಬ ಮೂರು ಸಂಖ್ಯೆಗಳನ್ನು ನೀಡಿ, ಇವು ತಮ್ಮ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಒಪ್ಪುತ್ತವೆ, ಆ ನಿಯಮವನ್ನು ಕಂಡುಹಿಡಿಯಬೇಕು ಎಂದರು. ಭಾಗವಹಿಸಿದವರು ತಮಗೆ ತೋಚಿದ ಬೇರೆ ಮೂರು ಸಂಖ್ಯೆಗಳನ್ನು ಎಷ್ಟು ಬಾರಿಯಾದರೂ ಮುಂದಿಡಬಹುದಾಗಿತ್ತು. ಅವು ನಿಯಮಕ್ಕೆ ಒಪ್ಪುತ್ತವೆಯೋ ಇಲ್ಲವೋ ಎಂಬುದನ್ನು ಮಾತ್ರ ತಿಳಿಸಲಾಗುತ್ತಿತ್ತು. ಎರಡೆರಡು ಹೆಚ್ಚಾಗುವುದೇ ನಿಯಮವೆಂದು ಊಹಿಸಿದವರು 8, 10, 12 ಎಂದರು. ಒಪ್ಪುತ್ತದೆ ಎಂಬ ಉತ್ತರ ಬಂದಿತು. 20, 22, 24 ಎಂದರು. ಮತ್ತೆ ಅದೇ ಉತ್ತರ. ಹೀಗೆ 'ಹೌದು'ಗಳನ್ನು ಕೂಡಿಹಾಕಿ ತಮ್ಮ ನಿಯಮವನ್ನು ಧೈರ್ಯವಾಗಿ ಘೋಷಿಸಿದರು. ಅದು ತಪ್ಪಾಗಿತ್ತು. ಪ್ರತಿಯೊಂದು ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದಾಗಿರಬೇಕು ಎಂಬುದಷ್ಟೇ ನಿಜವಾದ ನಿಯಮ. 1, 5, 90 ಎಂದಿದ್ದರೂ ಅದು ಒಪ್ಪುತ್ತಿತ್ತು. ಭಾಗವಹಿಸಿದ 29 ಮಂದಿಯಲ್ಲಿ ಒಮ್ಮೆಯೂ ತಪ್ಪು ನಿಯಮವನ್ನು ಘೋಷಿಸದೆ ಸರಿಯಾದುದನ್ನು ತಲುಪಿದವರು 6 ಮಂದಿ ಮಾತ್ರ.

ಉಳಿದವರು ದಡ್ಡರಾಗಿರಲಿಲ್ಲ. ತಮ್ಮ ಊಹೆ ಸುಳ್ಳಾಗಬಹುದಾದ ಪ್ರಶ್ನೆಯನ್ನು ಅವರು ಸಾಕಷ್ಟು ಕೇಳಲಿಲ್ಲ, ಅಷ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮೊಲದ ನಾಲ್ಕನೆಯ ಕಾಲನ್ನು ಹುಡುಕುವುದೇ ಇಲ್ಲ. ಗುಂಪಿನಲ್ಲಿ ಆಡುವ ಪ್ರಶ್ನೆಯ ಆಟ ಈ ದೋಷಕ್ಕೆ ಒಳ್ಳೆಯ ಔಷಧ. ಒಬ್ಬನು ತನ್ನ ಊಹೆಯನ್ನೇ ಹಿಡಿದು ಅದರ ಸುತ್ತಲೇ ಪ್ರಶ್ನೆಗಳನ್ನು ಹೆಣೆಯುತ್ತಿದ್ದರೆ, ಆ ಊಹೆಯ ಮೋಹವಿಲ್ಲದ ಇನ್ನೊಬ್ಬನು ಅದನ್ನು ಬೀಳಿಸಬಲ್ಲ ಪ್ರಶ್ನೆಯನ್ನು ಕೇಳುತ್ತಾನೆ. ಮೊದಲು ಕೋಪ ಬಂದರೂ ಕ್ರಮೇಣ ಇಬ್ಬರಿಗೂ ಇದರಿಂದ ಉಪಕಾರವೇ ಆಯಿತೆಂದು ತಿಳಿಯುತ್ತದೆ.

ಇದು ಆಟಕ್ಕೆ ಸಂಬಂಧಿಸಿದ ಮಾತು, ಬದುಕಿಗೆ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಇದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯೇ ಉತ್ತರ ಹೇಳುತ್ತದೆ. 1846ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ ವೈದ್ಯನು ವಿಯೆನ್ನಾ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಹಾಯಕನಾಗಿ ಸೇರಿದನು. ಅಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಆ ವರ್ಷ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ಮಂದಿ ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತ ಕಡಿಮೆ. ಸಾವಿಗೆ ಮುಖ್ಯ ಕಾರಣ ಬಾಣಂತಿ ನಂಜು. ಮೊದಲನೆಯ ವಿಭಾಗಕ್ಕೆ ಮಾತ್ರ ಸೇರಿಸಬೇಡಿರೆಂದು ಹೆಂಗಸರು ಕಣ್ಣೀರಿಟ್ಟು ಬೇಡಿಕೊಳ್ಳುತ್ತಿದ್ದರು. ಒಂದೇ ಆಸ್ಪತ್ರೆ, ಒಂದೇ ಊರು. ಆದರೂ ಇಷ್ಟು ಅಂತರವೇಕೆ? ಪ್ರಶ್ನೆಯ ಆಟದಲ್ಲಿ ಮುಂದಿಡುವಂಥದೇ ಸಮಸ್ಯೆಯಿದು. ಆದರೆ ಇಲ್ಲಿ ಉತ್ತರವನ್ನು ಬಲ್ಲ ಮನುಷ್ಯರು ಯಾರೂ ಇರಲಿಲ್ಲ.

ಸೆಮ್ಮೆಲ್‌ವೈಸನು ಒಂದೊಂದೇ ಕಾರಣವನ್ನು ಪರೀಕ್ಷಿಸಿದನು. ಜನದಟ್ಟಣೆಯೆ? ಅಲ್ಲ, ಎರಡನೆಯ ವಿಭಾಗದಲ್ಲಿಯೇ ದಟ್ಟಣೆ ಹೆಚ್ಚಾಗಿತ್ತು. ಹವೆಯೆ? ಅಲ್ಲ, ಎರಡಕ್ಕೂ ಹವೆ ಒಂದೇ. ಹೆರಿಗೆಯ ಕಾಲದಲ್ಲಿ ಮಲಗಿಸುವ ಭಂಗಿಯೆ? ಅದನ್ನು ಬದಲಾಯಿಸಿ ನೋಡಿದರೂ ಸಾವು ಕಡಿಮೆಯಾಗಲಿಲ್ಲ. ಸಾಯುವವರಿಗೆ ಕೊನೆಯ ಸಂಸ್ಕಾರ ನೀಡಲು ಗಂಟೆಯ ಸದ್ದಿನೊಡನೆ ಬರುತ್ತಿದ್ದ ಪಾದ್ರಿಯನ್ನು ಕಂಡು ಬಾಣಂತಿಯರು ಭೀತರಾಗುತ್ತಿದ್ದರೆ? ಪಾದ್ರಿಯು ಬೇರೆ ದಾರಿಯಿಂದ ಸದ್ದಿಲ್ಲದೆ ಬರುವಂತೆ ಏರ್ಪಡಿಸಿದರೂ ಫಲ ದೊರೆಯಲಿಲ್ಲ. ಪ್ರಕೃತಿ ಪ್ರತಿ ಪ್ರಶ್ನೆಗೂ 'ಅಲ್ಲ' ಎಂದೇ ಉತ್ತರಿಸಿತು. 1847ರ ಮಾರ್ಚ್ ತಿಂಗಳಲ್ಲಿ ಆತನ ಮಿತ್ರನಾದ ವೈದ್ಯನೊಬ್ಬನು ಶವಪರೀಕ್ಷೆಯ ಕಾಲದಲ್ಲಿ ಬೆರಳಿಗೆ ಚೂರಿ ತಗುಲಿ, ಬಾಣಂತಿ ನಂಜಿನಂಥದೇ ಲಕ್ಷಣಗಳಿಂದ ಮರಣ ಹೊಂದಿದನು. ಆಗ ಸೆಮ್ಮೆಲ್‌ವೈಸನಿಗೆ ಬೇರೊಂದು ಪ್ರಶ್ನೆ ಹೊಳೆಯಿತು. ಸೂಲಗಿತ್ತಿಯರು ಶವಪರೀಕ್ಷೆ ಮಾಡುವುದಿಲ್ಲ. ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಮಾಡುತ್ತಾರೆ, ಅಲ್ಲಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಾರೆ. ಸಾವನ್ನು ಹೊತ್ತು ತರುತ್ತಿರುವುದು ವೈದ್ಯರ ಕೈಗಳೇ ಆಗಿರಬಹುದೆ?

ಆ ವರ್ಷದ ಮೇ ತಿಂಗಳಿನಿಂದ ಚಲುವೆಪುಡಿಯ ದ್ರಾವಣದಲ್ಲಿ ಕೈತೊಳೆದೇ ಗರ್ಭಿಣಿಯರನ್ನು ಮುಟ್ಟಬೇಕೆಂದು ಆತನು ವಿಧಿಸಿದನು. ಕೆಲವೇ ತಿಂಗಳಲ್ಲಿ ಸಾವು ಇಳಿಯಿತು. 1848ರಲ್ಲಿ ಮೊದಲನೆಯ ವಿಭಾಗದಲ್ಲಿ ಸತ್ತವರ ಪ್ರಮಾಣ ನೂರಕ್ಕೆ ಒಂದೂಕಾಲರಷ್ಟು ಮಾತ್ರ. ಇಷ್ಟಾದರೂ ಹಿರಿಯ ವೈದ್ಯರಲ್ಲಿ ಅನೇಕರು ಆತನ ಮಾತನ್ನು ಒಪ್ಪಲಿಲ್ಲ. ರೋಗವನ್ನು ಗುಣಪಡಿಸುವ ಕೈಗಳೇ ರೋಗವನ್ನು ಹರಡುತ್ತವೆಂಬ ಮಾತು ಅವರ ಕಿವಿಗೆ ಸಹ್ಯವಾಗಲಿಲ್ಲ. ಆತನಿಗೆ ಆ ಹುದ್ದೆ ಮುಂದುವರಿಯಲಿಲ್ಲ. ತನ್ನ ವಿಚಾರವನ್ನು 1861ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರೂ ವಿರೋಧ ಕರಗಲಿಲ್ಲ. 1865ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಆತನು ತೀರಿಕೊಂಡನು. ಪಾಶ್ಚರ್, ಲಿಸ್ಟರ್ ಮೊದಲಾದವರ ಸಂಶೋಧನೆಗಳ ಅನಂತರವೇ ಆತನು ಹಿಡಿದ ದಾರಿ ಸರಿಯೆಂದು ವೈದ್ಯಲೋಕಕ್ಕೆ ಮನವರಿಕೆಯಾಯಿತು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಒಬ್ಬನು ಅನೇಕ 'ಅಲ್ಲ'ಗಳನ್ನು ತಾಳ್ಮೆಯಿಂದ ಸ್ವೀಕರಿಸಿದುದರಿಂದ ಸಾವಿರಾರು ಮಂದಿಯ ಪ್ರಾಣ ಉಳಿಸುವ ದಾರಿ ಕಂಡಿತು. ಅವನ ಸುತ್ತಲಿನ ಗುಂಪು, ತಮ್ಮ ಕೈಗಳು ಶುದ್ಧವೆ ಎಂಬ ಪ್ರಶ್ನೆಗೆ 'ಅಲ್ಲ' ಎಂಬ ಒಂದೇ ಒಂದು ಉತ್ತರವನ್ನು ಕೇಳಲೊಪ್ಪದೆ ಹೋದುದರಿಂದ ಎಷ್ಟೋ ತಾಯಂದಿರು ಪ್ರಾಣ ತೆತ್ತರು. ಪ್ರಶ್ನಿಸುವವನೊಬ್ಬನಿದ್ದರೆ ಸಾಲದು, ಕೇಳಿಸಿಕೊಳ್ಳಬಲ್ಲ ಗುಂಪೂ ಬೇಕು. ಅಂಥ ಗುಂಪು ತಾನಾಗಿ ಹುಟ್ಟುವುದಿಲ್ಲ. ಎಳೆಯ ವಯಸ್ಸಿನಲ್ಲಿ ಅದನ್ನು ಬೆಳೆಸಬೇಕಾಗುತ್ತದೆ.

ಶಾಲೆಯ ತರಗತಿ ಈ ಅಭ್ಯಾಸಕ್ಕೆ ತಕ್ಕ ಸ್ಥಳ. ಆದರೆ ಇಂದಿನ ಅನೇಕ ತರಗತಿಗಳಲ್ಲಿ ಕಾಣುವ ನೋಟವೇ ಬೇರೆ. ಅಧ್ಯಾಪಕರು ಪ್ರಶ್ನೆ ಕೇಳಿದಾಗ ಉತ್ತರ ಖಂಡಿತವಾಗಿ ತಿಳಿದಿರುವ ನಾಲ್ವರು ಮಾತ್ರ ಕೈ ಎತ್ತುತ್ತಾರೆ. ಅರ್ಧ ತಿಳಿದವರು ತಲೆ ತಗ್ಗಿಸುತ್ತಾರೆ. ತಪ್ಪು ಹೇಳಿ ನಗೆಗೀಡಾಗುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ಅವರು ಕಲಿತಿರುತ್ತಾರೆ. ಪಾಠ ಮುಗಿದ ಮೇಲೆ ಏನಾದರೂ ಸಂಶಯವಿದೆಯೆ ಎಂದು ಕೇಳಿದರೆ ಇಡೀ ತರಗತಿ ಮೌನ ತಾಳುತ್ತದೆ. ಆ ಮೌನ ಎಲ್ಲವೂ ತಿಳಿಯಿತೆಂಬುದರ ಗುರುತೇನೂ ಆಗಿರಬೇಕಾಗಿಲ್ಲ. ಕೇಳಲು ಹೆದರಿಕೆ ಎಂಬುದರ ಗುರುತೂ ಆಗಿರಬಹುದು. ಪ್ರಶ್ನೆಯ ಆಟದಲ್ಲಿ ಈ ಹೆದರಿಕೆಗೆ ಎಡೆಯಿಲ್ಲ. ಅಲ್ಲಿ ತಿಳಿಯದಿರುವುದು ಅವಮಾನವಲ್ಲ, ಆಟಕ್ಕೆ ಸೇರಲು ಬೇಕಾದ ಅರ್ಹತೆ. ಅಲ್ಲಿ 'ಅಲ್ಲ' ಎಂಬ ಉತ್ತರ ಪಡೆದವನೂ ಗುಂಪಿಗೆ ಏನನ್ನೋ ಗಳಿಸಿಕೊಟ್ಟವನೇ.

ಆಕ್ಷೇಪಗಳು ಇಲ್ಲದಿಲ್ಲ. ಪಠ್ಯವನ್ನು ಮುಗಿಸುವುದಕ್ಕೇ ಸಮಯ ಸಾಲದಿರುವಾಗ ಆಟಕ್ಕೆ ವೇಳೆ ಎಲ್ಲಿಯದು ಎಂದು ಕೆಲವರು ಕೇಳುತ್ತಾರೆ. ವಾರಕ್ಕೊಮ್ಮೆ ಕಾಲು ಗಂಟೆ ಸಾಕು. ಪ್ರಶ್ನಿಸಲು ಕಲಿತ ವಿದ್ಯಾರ್ಥಿಯು ಆ ಕಾಲು ಗಂಟೆಯನ್ನು ಉಳಿದ ಪಾಠಗಳಲ್ಲಿ ಹಿಂದಿರುಗಿಸುತ್ತಾನೆ. ಮಾತಿನಮಲ್ಲರಾದ ಇಬ್ಬರು ಮೂವರೇ ಆಟವನ್ನು ನುಂಗಿಬಿಡುತ್ತಾರೆಂಬುದು ಇನ್ನೊಂದು ಆಕ್ಷೇಪ. ಇದು ನಿಜವಾದ ತೊಂದರೆ. ಇದಕ್ಕೆ ಮದ್ದು ಕಟ್ಟುನಿಟ್ಟಾದ ಸರದಿ. ಒಬ್ಬರಿಗೆ ಒಂದು ಪ್ರಶ್ನೆ. ಸುತ್ತು ಮುಗಿಯುವವರೆಗೆ ಎರಡನೆಯದು ಸಲ್ಲದು. ಯಾವ ಪ್ರಶ್ನೆಗೂ ನಗುವಂತಿಲ್ಲ. ದೊರೆತ ಉತ್ತರಗಳನ್ನೆಲ್ಲ ಒಬ್ಬರು ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋಗಬೇಕು. 'ಅಲ್ಲ' ಎಂದಾದವುಗಳನ್ನೂ ತಪ್ಪದೆ ಬರೆಯಬೇಕು. ಹೀಗೆ ಮಾಡಿದರೆ ಕೇಳಿದುದನ್ನೇ ಮತ್ತೆ ಕೇಳುವುದು ತಪ್ಪುತ್ತದೆ. ಇತರರ ಪ್ರಶ್ನೆಗೆ ಕಿವಿಗೊಡದವನು ಈ ಆಟದಲ್ಲಿ ಮುಂದುವರಿಯಲಾರನೆಂಬುದೂ ಎಲ್ಲರಿಗೂ ಮನದಟ್ಟಾಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಈ ಸಮಸ್ಯೆಗಳಿಗೆ ಕಥೆ ಹೇಳಿದವನ ಉತ್ತರವೇ ಉತ್ತರ. ಅದಕ್ಕಿಂತ ಉತ್ತಮವಾದ ಬೇರೊಂದು ಕಾರಣವನ್ನು ವಿದ್ಯಾರ್ಥಿ ಕಲ್ಪಿಸಿದರೂ ಅದು ತಪ್ಪೆನಿಸುತ್ತದೆ. ಹೀಗಾದರೆ ಅಧ್ಯಾಪಕರ ಮನಸ್ಸಿನಲ್ಲಿರುವುದನ್ನು ಊಹಿಸುವ ಹಳೆಯ ಅಭ್ಯಾಸವೇ ಹೊಸ ವೇಷದಲ್ಲಿ ಮರಳಿ ಬಂದಂತಾಗುವುದಿಲ್ಲವೆ? ಈ ಮಾತಿನಲ್ಲಿ ಸತ್ಯಾಂಶವುಂಟು. ಆದುದರಿಂದ ಆಟವನ್ನು ಗುರಿಯೆಂದು ತಿಳಿಯಬಾರದು, ಗರಡಿಯೆಂದು ತಿಳಿಯಬೇಕು. ಗರಡಿಯಲ್ಲಿ ಎತ್ತುವ ಕಲ್ಲುಗುಂಡಿನಿಂದ ಮನೆ ಕಟ್ಟುವುದಿಲ್ಲ. ಅದನ್ನೆತ್ತಿ ಬಲಿತ ತೋಳುಗಳು ಮನೆ ಕಟ್ಟುತ್ತವೆ. ವಿದ್ಯಾರ್ಥಿಯು ಕಥೆಗೆ ಒಪ್ಪುವ ಬೇರೊಂದು ಕಾರಣವನ್ನು ಕಂಡುಕೊಂಡರೆ ಅಧ್ಯಾಪಕರು ಅದನ್ನು ತಳ್ಳಿಹಾಕದೆ, ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಇನ್ನಾವ ಪ್ರಶ್ನೆಯನ್ನು ಕೇಳಬೇಕೆಂದು ವಿಚಾರಿಸಬಹುದು. ಅಲ್ಲಿಗೆ ಆಟ ಮುಗಿದು ಶೋಧನೆ ಆರಂಭವಾಗುತ್ತದೆ.

ಪ್ರಶ್ನೆಗೆ ಗೌರವ ಕೊಡುವುದು ಭಾರತದ ವಿದ್ಯಾಪರಂಪರೆಗೆ ಹೊಸದೇನೂ ಅಲ್ಲ. ಉಪನಿಷತ್ತುಗಳಲ್ಲಿ ಒಂದರ ಹೆಸರೇ ಪ್ರಶ್ನೋಪನಿಷತ್ತು. ಅದರಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಪಿಪ್ಪಲಾದ ಮಹರ್ಷಿಯ ಬಳಿಗೆ ಬರುತ್ತಾರೆ. ಮಹರ್ಷಿಯು ಅವರಿಗೆ ಕೂಡಲೇ ಉಪದೇಶ ಮಾಡುವುದಿಲ್ಲ. ಒಂದು ವರ್ಷ ಶ್ರದ್ಧೆಯಿಂದ ಆಶ್ರಮದಲ್ಲಿರಲು ಹೇಳಿ, ಅನಂತರ ಬೇಕಾದುದನ್ನು ಕೇಳಬಹುದೆಂದೂ ತನಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುವುದಾಗಿಯೂ ತಿಳಿಸುತ್ತಾನೆ. ಆರು ಮಂದಿಯೂ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಪ್ರಶ್ನೆಯನ್ನು ಕೇಳುತ್ತಾರೆ. ಒಬ್ಬರ ಪ್ರಶ್ನೆಗೆ ದೊರೆತ ಉತ್ತರವನ್ನು ಉಳಿದ ಐವರೂ ಕೇಳುತ್ತಾರೆ. ಗುರುವಾದವನು 'ತಿಳಿದಿದ್ದರೆ' ಎಂಬ ಮಾತನ್ನು ಸಂಕೋಚವಿಲ್ಲದೆ ಸೇರಿಸಿರುವುದು ಗಮನಾರ್ಹ. ಗೊತ್ತಿಲ್ಲವೆನ್ನಲು ಹಿಂಜರಿಯದ ಗುರುವಿನ ಎದುರಿನಲ್ಲಿ ಶಿಷ್ಯರೂ ಪ್ರಶ್ನಿಸಲು ಹಿಂಜರಿಯುವುದಿಲ್ಲ.

ಇಂದಿನ ವಿದ್ಯಾರ್ಥಿಗೆ ಉತ್ತರಗಳ ಕೊರತೆಯಿಲ್ಲ. ಕೈಯಲ್ಲಿ ಹಿಡಿದ ಪುಟ್ಟ ಯಂತ್ರ ಕ್ಷಣಮಾತ್ರದಲ್ಲಿ ಸಾವಿರ ಉತ್ತರಗಳನ್ನು ಮುಂದಿಡುತ್ತದೆ. ಯಾವುದನ್ನು ಕೇಳಬೇಕು, ದೊರೆತ ಉತ್ತರದಲ್ಲಿ ಯಾವುದನ್ನು ನಂಬಬೇಕು, ತನ್ನ ನಂಬಿಕೆ ಸುಳ್ಳಾಗಬೇಕಾದರೆ ಏನು ಕಂಡುಬರಬೇಕು ಎಂಬುದನ್ನು ಮಾತ್ರ ಅವನೇ ಕಲಿಯಬೇಕಾಗಿದೆ. ಕೈ ಎತ್ತಿ ಕೇಳಿದ ಪ್ರಶ್ನೆಗೆ 'ಅಲ್ಲ' ಎಂಬ ಉತ್ತರ ಬಂದಾಗ ಕೈಯನ್ನು ಕೆಳಗಿಳಿಸಿ ಮುಖ ಮರೆಸಿಕೊಳ್ಳದೆ, ಹಾಗಾದರೆ ಮತ್ತೇನು ಎಂದು ಮುಂದಿನ ಪ್ರಶ್ನೆಯನ್ನು ಯೋಚಿಸುವ ವಿದ್ಯಾರ್ಥಿ ಈ ವಿದ್ಯೆಯನ್ನು ಕಲಿಯತೊಡಗಿದ್ದಾನೆ. ಪಕ್ಕದ ಗೆಳೆಯನಿಗೆ ದೊರೆತ 'ಅಲ್ಲ' ಎಂಬ ಉತ್ತರವನ್ನು ಕೇಳಿ ನಗದೆ, ಅದನ್ನು ತನ್ನ ಯೋಚನೆಗೆ ಸೇರಿಸಿಕೊಳ್ಳುವವನು ಅದರಲ್ಲಿ ಇನ್ನೊಂದು ಹೆಜ್ಜೆ ಮುಂದಿದ್ದಾನೆ.